ಪರೀಕ್ಷೆಯ ಮಾದರಿಯನ್ನು ನಾವೇ ತೆಗೆಯುವಾಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ನನ್ನ ಮನಸ್ಸು 2021ರ ತಲಪಾಡಿ ಗಡಿಯತ್ತ ಹೊರಳಿತು. ಆ ವರ್ಷ ಕೇರಳದಿಂದ ಕರ್ನಾಟಕವನ್ನು ಪ್ರವೇಶಿಸುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು ತೋರಿಸಬೇಕಾಗಿತ್ತು. ಮಂಗಳೂರಿನ ಕಾಲೇಜು, ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ನಾವು ಮತ್ತೆ ಮತ್ತೆ ಮೂಗೊಡ್ಡಿದೆವು. ಸರದಿಯಲ್ಲಿ ನಿಂತಿದ್ದ ಮೊಮ್ಮಗಳು ನನ್ನ ಕೈಯನ್ನು ಬಿಗಿಹಿಡಿದು, "ಅಜ್ಜಾ, ಕಡ್ಡಿ ಹಾಕದೆ ನೋಡಲು ಆಗುವುದಿಲ್ಲವೇ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೂಗಿನ ಹಿಂಭಾಗವು ಗಂಟಲನ್ನು ಕೂಡುವೆಡೆಯಲ್ಲಿ ಕೊರೋನಾ ವೈರಾಣು ನೆಲೆಸುವುದರಿಂದ ಕಡ್ಡಿಯನ್ನು ಅಷ್ಟು ಆಳಕ್ಕೆ ಇಳಿಸುತ್ತಾರೆ. ಆದರೆ ವೈರಾಣು ಗಂಟಲಿನಲ್ಲಿಯೂ ಜೊಲ್ಲಿನಲ್ಲಿಯೂ ಇರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ರೂಪಿಸಿದ ಜೊಲ್ಲಿನ ಪರೀಕ್ಷೆಗೆ 2020ರ ಆಗಸ್ಟಿನಲ್ಲಿ ಅಲ್ಲಿ ತುರ್ತು ಅನುಮತಿ ದೊರೆತಿತ್ತು. ನಮ್ಮ ದೇಶದಲ್ಲಿ ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ಉಪ್ಪುನೀರಿನ ವಿಧಾನವನ್ನು ಕಂಡುಕೊಂಡರು. 2021ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅದಕ್ಕೆ ಒಪ್ಪಿಗೆಯಿತ್ತಿತು. ನಳಿಗೆಯಲ್ಲಿ ಕೊಟ್ಟ ಉಪ್ಪುನೀರಿನಿಂದ 15 ಸೆಕೆಂಡು ಗಂಟಲು ಮುಕ್ಕಳಿಸಿ, ಬಾಯಿಯಲ್ಲೆಲ್ಲ ಆಡಿಸಿ, ಅದೇ ನಳಿಗೆಗೆ ಉಗುಳಿದರೆ ಮಾದರಿ ಸಿದ್ಧ. ನೋವಿಲ್ಲ, ಸೀನು, ಕೆಮ್ಮುಗಳೆದುರು ನಿಲ್ಲುವ ಆರೋಗ್ಯ ಕಾರ್ಯಕರ್ತರಿಗೆ ಅಪಾಯವೂ ಕಡಿಮೆ. ಮೂಗಿನ ಮುಂಭಾಗದಿಂದ ತಾವೇ ದ್ರವ ತೆಗೆದು ಮನೆಯಲ್ಲೇ ಮಾಡಿಕೊಳ್ಳುವ ಆಂಟಿಜೆನ್ ಪರೀಕ್ಷೆಗೂ ಅದೇ ತಿಂಗಳು ಅನುಮತಿ ದೊರೆಯಿತು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೂರು ದಶಕಗಳ ಕಾಲ ಮಕ್ಕಳಿಗೆ "ಪ್ರಶ್ನೆಯನ್ನು ಪೂರ್ತಿ ಓದಿರಿ" ಎಂದು ಬೋಧಿಸಿದ ನಾನು, 2022ರ ಜನವರಿಯಲ್ಲಿ ಜ್ವರ ಬಂದಾಗ ಸೂಚನಾಪತ್ರವನ್ನು ಅರ್ಧ ಓದಿ, ಕಡ್ಡಿಯನ್ನು ಒಂದೇ ಹೊಳ್ಳೆಗೆ ತಾಗಿಸಿದೆ. ಸೋಂಕಿಲ್ಲವೆಂದು ತೋರಿತು. ನಿಶ್ಚಿಂತೆಯಿಂದ ಮನೆಮಂದಿಯೊಡನೆ ಕುಳಿತು ಉಂಡೆ. ಮೂರು ದಿನಗಳ ಬಳಿಕ ಪ್ರಯೋಗಶಾಲೆಯ ವರದಿಯು ಸೋಂಕಿದೆಯೆಂದಿತು. ಅಷ್ಟರಲ್ಲಿ ನನ್ನ ಪತ್ನಿಯೂ ಹಾಸಿಗೆ ಹಿಡಿದಿದ್ದಳು. ದೈವಕೃಪೆಯಿಂದ ಗುಣಮುಖಳಾದಳು.

ವಿದ್ಯಾರ್ಥಿಗಳೇ, ಈ ಪಾಠದಿಂದ ಮೂರು ಮಾತುಗಳನ್ನು ನೆನಪಿಡಿರಿ. ಜೊಲ್ಲಿನ ಮಾದರಿ ಕೊಡುವ ಮುನ್ನ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು, ಎಲೆಯಡಿಕೆಯೂ ಸಲ್ಲದು. ಎರಡು ಹೊಳ್ಳೆಗಳಿಂದಲೂ ದ್ರವ ತೆಗೆಯಬೇಕೆಂದಿದ್ದರೆ ಎರಡರಿಂದಲೂ ತೆಗೆಯಬೇಕು. ರೋಗಲಕ್ಷಣಗಳಿದ್ದೂ ಮನೆಯ ಪರೀಕ್ಷೆ "ಇಲ್ಲ" ಎಂದರೆ ಅದನ್ನು ನಂಬಿ ಕೂರದೆ ಪ್ರಯೋಗಶಾಲೆಯ ಪರೀಕ್ಷೆ ಮಾಡಿಸಬೇಕು. ಮಾದರಿ ಸರಿಯಿಲ್ಲದಿದ್ದರೆ ಯಂತ್ರವೂ ಸತ್ಯವನ್ನು ನುಡಿಯಲಾರದು. ಮನೆಯ ಹಿರಿಯರಿಗೆ ಆ ಸೂಚನೆಗಳನ್ನು ಕನ್ನಡದಲ್ಲಿ, ಕೊನೆಯ ಸಾಲಿನವರೆಗೂ ಓದಿ ಹೇಳಿರಿ. ನಮ್ಮ ಶಾಲೆಯು ನಿಮಗೆ ಅಕ್ಷರ ಕಲಿಸಿದ್ದು ಅದಕ್ಕಾಗಿಯೂ ಹೌದು.