ರಸಮಂಜರಿಯ ಮುಂದಿನ ಸಾಲು: ಕಿವಿ ಜೋಪಾನ

ಮಾಘ ಮಾಸ ಬಂತೆಂದರೆ ನಮ್ಮ ಕಡೆ ಜಾತ್ರೆಗಳ ಸಾಲು. ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರದ ಭರತ ಹುಣ್ಣಿಮೆ ಜಾತ್ರೆ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳಲ್ಲೂ ತೇರು, ಪರಿಷೆಗಳಿಗೆ ಕೊರತೆಯಿಲ್ಲ. ಇಂಥ ದಿನಗಳಲ್ಲಿ ಎಲ್ಲೋ ಒಂದು ಕಡೆ ಆರ್ಕೆಸ್ಟ್ರಾ, ರಸಮಂಜರಿ ಇದ್ದೇ ಇರುತ್ತದೆ. ಇನ್ನು ಹಂಪಿ ಉತ್ಸವಕ್ಕೆ ಸಿನಿಮಾದ ಹೆಸರಾಂತ ಗಾಯಕರು ಬರುತ್ತಾರೆ ಎಂದರೆ ಕೇಳಬೇಕೆ? ಟಿ.ವಿ.ಯಲ್ಲಿ ಮಾತ್ರ ಕಂಡ ಮುಖವನ್ನು ಹತ್ತಿರದಿಂದ ನೋಡುವ ಆಸೆಗೆ ಹುಡುಗರು ಸಂಜೆ ನಾಲ್ಕಕ್ಕೇ ಹೋಗಿ ಮುಂದಿನ ಸಾಲು ಹಿಡಿಯುತ್ತಾರೆ.

ಈ ಆಸೆ ತಪ್ಪಲ್ಲ. ಆದರೆ ಮುಂದಿನ ಸಾಲಿನಲ್ಲಿ ಗಾಯಕರಷ್ಟೇ ಅಲ್ಲ, ಆಳೆತ್ತರದ ಧ್ವನಿವರ್ಧಕಗಳೂ ಹತ್ತಿರವೇ ಇರುತ್ತವೆ. ಹೀಗೆ ಊಹಿಸಿಕೊಳ್ಳಿ. ಕಾಲೇಜು ಹುಡುಗನೊಬ್ಬ ಮೂರು ಗಂಟೆ ಸ್ಪೀಕರಿನ ಎದುರೇ ಕುಣಿದು ನಡುರಾತ್ರಿ ಮನೆಗೆ ಬರುತ್ತಾನೆ. ತಾಯಿ ಕೇಳಿದ್ದು ಸರಿಯಾಗಿ ತಿಳಿಯುವುದಿಲ್ಲ. ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದಂತೆ ‘ಗುಂಯ್’ ಸದ್ದು. ಎರಡು ದಿನಕ್ಕೆ ತಾನಾಗಿ ಸರಿಹೋಯಿತೆಂದು ಸುಮ್ಮನಾಗುತ್ತಾನೆ. ನಿಜಕ್ಕೂ ಸರಿಹೋಯಿತೇ?

ಒಳಕಿವಿಯಲ್ಲಿ ಏನಾಗುತ್ತದೆ?

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಪುಟ್ಟ ಅಂಗವಿದೆ. ಅದೇ ಕಾಕ್ಲಿಯಾ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಗಾಳಿಗೆ ಜೋಳದ ಪೈರು ಬಾಗುವಂತೆ, ಶಬ್ದದ ಅಲೆ ಬಂದಾಗ ಈ ಕೋಶಗಳ ಸೂಕ್ಷ್ಮ ರೋಮಗಳು ಬಾಗಿ ಮಿದುಳಿಗೆ ಸಂದೇಶ ಕಳಿಸುತ್ತವೆ. ಸಾಧಾರಣ ಗಾಳಿಗೆ ಬಾಗಿದ ಪೈರು ಮತ್ತೆ ಏಳುತ್ತದೆ. ಬಿರುಗಾಳಿಗೆ ಸಿಕ್ಕಿದ್ದು ಮುರಿದೇ ಹೋಗುತ್ತದೆ. ಪೈರನ್ನಾದರೂ ಮತ್ತೆ ಬಿತ್ತಬಹುದು. ಮನುಷ್ಯನ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೊದಲು ಹಾಳಾಗುವುದು ಕೀಚು ಧ್ವನಿಗಳನ್ನು ಗ್ರಹಿಸುವ ಕೋಶಗಳು. ಆದ್ದರಿಂದ ಮಾತು ಕೇಳಿಸುತ್ತದೆ, ಆದರೆ ಸ್ಪಷ್ಟವಾಗುವುದಿಲ್ಲ. ‘ಸಾಲು’ ಎಂದರೋ, ‘ಕಾಲು’ ಎಂದರೋ, ‘ಹಾಲು’ ಎಂದರೋ ಗೊತ್ತಾಗುವುದಿಲ್ಲ. ಮದುವೆ ಮನೆಯಂಥ ಗದ್ದಲದಲ್ಲಿ ಈ ತೊಂದರೆ ಹೆಚ್ಚು. ಹಲವು ವರ್ಷ ನಿಧಾನವಾಗಿ ಬೆಳೆಯುವುದರಿಂದ ಬಹಳ ಜನಕ್ಕೆ ಇದರ ಅರಿವೇ ಇರುವುದಿಲ್ಲ. ಬ್ರಿಟನ್ನಿನ ‘ದಿ ಹೂ’ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್, ತಮ್ಮ ಶ್ರವಣಶಕ್ತಿ ಕುಂದಿದ್ದನ್ನೂ ಕಿವಿಯ ಮೊರೆತವನ್ನೂ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಸಂಗೀತಗಾರರನ್ನೂ ಬಿಡದ ಕಾಯಿಲೆ ಇದು.

ಎಷ್ಟು ಸದ್ದು, ಎಷ್ಟು ಹೊತ್ತು?

ಶಬ್ದವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಕೆಲಸದ ಸ್ಥಳಗಳಿಗೆ ತಜ್ಞರು ಹಾಕಿರುವ ಲೆಕ್ಕದಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. 94 ಡೆಸಿಬೆಲ್‌ಗೆ 1 ಗಂಟೆ. 100ಕ್ಕೆ ಕೇವಲ 15 ನಿಮಿಷ. ಅಂದರೆ 100 ಡೆಸಿಬೆಲ್‌ನಲ್ಲಿ 3 ಗಂಟೆ ನಿಂತವನ ಕಿವಿ ಒಂದೇ ರಾತ್ರಿಯಲ್ಲಿ 12 ದಿನಗಳ ಪಾಲನ್ನು ಉಂಡಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬೆಲ್‌ನ ಗರಿಷ್ಠ ಮಿತಿಯನ್ನು ಸೂಚಿಸಿದೆ.

ಸಮಾಧಾನದ ಮಾತೂ ಉಂಟು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿನಿಂದ 10 ಅಡಿ ದೂರದಲ್ಲಿ 106 ಡೆಸಿಬೆಲ್ ಇದ್ದರೆ, 40 ಅಡಿಯಲ್ಲಿ 94ರ ಆಸುಪಾಸು. ಹತ್ತು-ಹನ್ನೆರಡು ಹೆಜ್ಜೆ ಹಿಂದೆ ಸರಿದರೆ ನಾಲ್ಕು ನಿಮಿಷವೂ ಇಲ್ಲದ ಸುರಕ್ಷಿತ ಅವಧಿ ಒಂದು ಗಂಟೆಯಾಗುತ್ತದೆ. ದೊಡ್ಡ ವೇದಿಕೆಗಳಲ್ಲಿ ಸಾಲಾಗಿ ಜೋಡಿಸಿದ ಸ್ಪೀಕರುಗಳಿದ್ದರೆ ಇಳಿಕೆ ಇದಕ್ಕಿಂತ ಕಡಿಮೆ. ಇನ್ನೂ ಹಿಂದೆ ಸರಿಯಬೇಕು.

ನೀವು ಮಾಡಬೇಕಾದ್ದು

* ಮುಂದಿನ ಸಾಲೇ ಬೇಕೆಂದರೆ ವೇದಿಕೆಯ ನಡುಭಾಗದ ಎದುರು ಕುಳಿತುಕೊಳ್ಳಿ. ಎರಡು ಬದಿಯ ಸ್ಪೀಕರುಗಳ ಮುಂದೆ ಬೇಡ.

* ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆಗಳನ್ನು ಬಳಸಿ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಿರಿ. ಹಾಡು ಕೇಳಿಸುತ್ತದೆ, ಹೊಡೆತ ತಗ್ಗುತ್ತದೆ. ಬರಿಯ ಹತ್ತಿ ಸಾಲದು.

* ಗಂಟೆಗೊಮ್ಮೆ ಹತ್ತು-ಹದಿನೈದು ನಿಮಿಷ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡಿ.

* ಹಸುಗೂಸು, ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರಿನ ಬಳಿ ನಿಲ್ಲಲೇಬೇಡಿ. ಮಗು ಕಿವಿ ಮುಚ್ಚಿಕೊಂಡರೆ, ಅತ್ತರೆ ಅದನ್ನು ಹಟವೆನ್ನಬೇಡಿ.

* ಸಂಘಟಕರೇ, ಸ್ಪೀಕರುಗಳ ಮುಂದೆ ಬಿದಿರು ಕಟ್ಟಿ ಜಾಗ ಖಾಲಿ ಬಿಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಉತ್ಸವಗಳಿಗಾಗಿ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು.

ವೈದ್ಯರ ಬಳಿ ಯಾವಾಗ?

ಕಿವಿಯ ಮೊರೆತ ಎರಡು ದಿನ ಕಳೆದರೂ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಥವಾ ತಲೆಸುತ್ತು ಬಂದರೆ ಅಂದೇ ಹೊರಡಿ. ಚಿಕಿತ್ಸೆ ಬೇಗ ಸಿಕ್ಕಷ್ಟೂ ಫಲ ಹೆಚ್ಚು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ಮನೆಮದ್ದು ಇಲ್ಲಿ ನಾಟುವುದಿಲ್ಲ. ಪೆಟ್ಟು ಬಿದ್ದಿರುವುದು ಒಳಕಿವಿಗೆ. ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಶ್ರವಣ ಪರೀಕ್ಷೆಗೆ ನೋವಿಲ್ಲ, ಹೆಚ್ಚು ಸಮಯವೂ ಹಿಡಿಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವಿಶೇಷ ವ್ಯವಸ್ಥೆಯಿದೆ.

ಮೈಕಿಲ್ಲದ ಕಾಲದ ಬಯಲಾಟದಲ್ಲಿ ಮುಂದೆ ಕೂತವನಿಗೆ ಭಾಗವತನ ಪದ ಚೆನ್ನಾಗಿ ಕೇಳುತ್ತಿತ್ತು, ಅಷ್ಟೆ. ಇಂದು ಅದೇ ಜಾಗಕ್ಕೆ ಬೇರೆ ಬೆಲೆ ತೆರಬೇಕಾಗಿದೆ. ಮೆಚ್ಚಿನ ಗಾಯಕನನ್ನು ಕಣ್ತುಂಬ ನೋಡಿ ಬನ್ನಿ. ಆದರೆ ಮುಂದಿನ ವರ್ಷದ ಜಾತ್ರೆಯಲ್ಲೂ ಅವನ ಹಾಡು ಕೇಳಲು ಕಿವಿ ಉಳಿದಿರಲಿ.