ಲಾರಿಯ ಟ್ಯಾಪೆಟ್ ಕವರು

ಅರ್ಥಶಾಸ್ತ್ರ ಓದುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಆದರೆ ನಮ್ಮ ಮನೆಯ ಅನ್ನವೂ ನನ್ನ ಕಾಲೇಜಿನ ಶುಲ್ಕವೂ ಒಂದು ಹಳೆಯ ಲಾರಿಯಿಂದಲೇ ಬರತಕ್ಕವಾದುದರಿಂದ, ಅದರ ಎಂಜಿನ್ನಿನ ತಲೆಯ ಮೇಲಿರುವ ತಗಡಿನ ಮುಚ್ಚಳವೊಂದರ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ನಾಲೆಯ ನೀರು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬಿನ ಬೆಳೆ ಹಬ್ಬಿದ್ದು ಎಲ್ಲರೂ ಬಲ್ಲ ಸಂಗತಿ. ಕಡಿದ ಕಬ್ಬು ಯಾರಿಗಾಗಿಯೂ ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಅರೆಯುವ ಕಾಲದಲ್ಲಿ ಲಾರಿ ನಿಂತರೆ ನಷ್ಟ ಲಾರಿಯವನಿಗೊಬ್ಬನಿಗೇ ಅಲ್ಲ.

ಇನ್ನು ಮುಚ್ಚಳದ ವಿಚಾರ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಗಾಳಿಯನ್ನು ಒಳಬಿಡಲು ಮತ್ತು ಹೊಗೆಯನ್ನು ಹೊರಬಿಡಲು ವಾಲ್ವುಗಳಿರುತ್ತವೆ. ಇವನ್ನು ಒತ್ತಿ ತೆರೆಯುವ ರಾಕರ್ ತೋಳುಗಳಿಗೆ ಸದಾ ಎಣ್ಣೆ ಬೇಕು. ಆ ಎಣ್ಣೆ ಹೊರಚೆಲ್ಲದಂತೆಯೂ ದಾರಿಯ ಧೂಳು ಒಳಬೀಳದಂತೆಯೂ ಕಾಯುವುದೇ ಟ್ಯಾಪೆಟ್ ಕವರು. ಕವರಿಗೂ ಹೆಡ್ಡಿಗೂ ನಡುವೆ ಕಾರ್ಕಿನ ಇಲ್ಲವೆ ರಬ್ಬರಿನ ಪ್ಯಾಕಿಂಗ್ ಇರುತ್ತದೆ. ಕಾರ್ಕು ಕಾವಿಗೆ ಗಡುಸಾಗಿ ಬಿರಿದರೆ ಎಣ್ಣೆ ಜಿನುಗಿ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬೀಳುವುದುಂಟು. ಒಣ ತರಗಿನೊಡನೆ ಕಬ್ಬು ಹೊತ್ತ ಗಾಡಿಗೆ ಇದು ಎಂಥ ಅಪಾಯವೆಂದು ವಿವರಿಸಬೇಕಾಗಿಲ್ಲ.

ಕಳೆದ ವರ್ಷ ನಮ್ಮ ಲಾರಿಯ ಕವರು ತುಕ್ಕು ಹಿಡಿದು ಅಂಚು ಸೊಟ್ಟಗಾಯಿತು. "ಮೆಕ್ಯಾನಿಕ್ಕಿಗೆ ಕೊಡೋ ದುಡ್ಡು ನಿನ್ ಪರೀಕ್ಷೆ ಫೀಜಿಗಾಯ್ತದೆ, ನಾವೇ ಹಾಕವಾ ಬಾ ಮಗ" ಎಂದರು ತಂದೆಯವರು. ಮಂಡ್ಯದಿಂದ ಹೊಸ ಕವರನ್ನೂ ಕಾರ್ಕ್ ಪ್ಯಾಕಿಂಗನ್ನೂ ತಂದೆವು.

ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೈಹಾಕತಕ್ಕದ್ದು. ಬೋಲ್ಟು ಬಿಚ್ಚುವ ಮೊದಲೇ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆಯಬೇಕು; ಅನಂತರ ತೆಗೆದರೆ ಮಣ್ಣೆಲ್ಲ ವಾಲ್ವಿನ ಮೇಲೆಯೇ. ಕವರು ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟದೆ, ಮರದ ತುಂಡಿನಿಂದ ಪಕ್ಕಕ್ಕೆ ಮೆಲ್ಲನೆ ತಟ್ಟಬೇಕು. ಹಳೆಯ ಪ್ಯಾಕಿಂಗನ್ನು ಕೆರೆಯುವಾಗ ಚೂರುಗಳು ಒಳಬೀಳದಂತೆ ಬಟ್ಟೆ ಹಾಸಿ, ಎಷ್ಟು ಬಟ್ಟೆ ಹಾಕಿದೆವೆಂದು ಎಣಿಸಿಟ್ಟುಕೊಳ್ಳುವುದು ಲೇಸು. ಹೊಸ ಪ್ಯಾಕಿಂಗನ್ನು ಶೆಲ್ಲಾಕಿನಿಂದ ಕವರಿಗೆ ಮಾತ್ರ ಅಂಟಿಸಿದೆವು, ಹೆಡ್ಡಿಗಲ್ಲ. ಮುಂದೆ ಬಿಚ್ಚುವಾಗ ಹರಿಯದೆ ಬರಲೆಂದು.

ಇಷ್ಟೆಲ್ಲ ಸರಿಯಾಗಿ ಮಾಡಿ ಕೊನೆಗೆ ನಾನು ಕೆಡಿಸಿದೆ. ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂದು ಬಗೆದು, ಉದ್ದನೆಯ ಸ್ಪ್ಯಾನರಿನಿಂದ ಒಂದು ತುದಿಯಿಂದ ಬಲವಾಗಿ ತಿರುಗಿಸುತ್ತ ಹೋದೆ. ಮರುದಿನ ಕಬ್ಬು ಹೇರಿಕೊಂಡು ಮಳವಳ್ಳಿ ಬಿಟ್ಟು ಕೆ.ಎಂ. ದೊಡ್ಡಿ ದಾಟುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ. ಕಾರ್ಕು ಹಿಂಡಿಹೋಗಿ ಎರಡು ಕಡೆ ಸೀಳಿತ್ತು. ತಂದೆಯವರು ಬಸ್ಸು ಹತ್ತಿ ಮದ್ದೂರಿಗೆ ಹೋಗಿ ಬೇರೆ ಪ್ಯಾಕಿಂಗ್ ತಂದರು. ಕಬ್ಬು ಆ ರಾತ್ರಿ ರಸ್ತೆಯಲ್ಲೇ ಒಣಗಿತು. ಇಳಿದ ತೂಕದ ಹಣವನ್ನು ಅವರು ಬಾಡಿಗೆಯಲ್ಲಿ ಮುರಿಸಿ ರೈತನಿಗೆ ಕೊಟ್ಟರು. ನನಗೆ ಒಂದು ಮಾತೂ ಆಡಲಿಲ್ಲ; ಆಡಿದ್ದರೆ ವಾಸಿಯಿತ್ತು.

ಎರಡನೆಯ ಸಲ ಚಿಕ್ಕ ಸ್ಪ್ಯಾನರ್ ಕೊಟ್ಟು, ನಡುವಿನಿಂದ ಎರಡು ತುದಿಗಳ ಕಡೆಗೆ, ಸ್ವಲ್ಪಸ್ವಲ್ಪವಾಗಿ ಮೂರು ಸುತ್ತಿನಲ್ಲಿ ಬಿಗಿಸಿದರು. ಕಾರ್ಕು ತುಸು ಅಮುಕಿದೊಡನೆ ನಿಲ್ಲಿಸಿದರು. ಬಳಿಕ ಬ್ರೀದರನ್ನು ಬಿಚ್ಚಿ ನೋಡಿದರೆ ಅದು ಕಿಲುಬಿನಿಂದ ಕಟ್ಟಿಕೊಂಡಿತ್ತು. ಪಿಸ್ಟನ್ನಿನ ಪಕ್ಕದಿಂದ ಕೆಳಗೆ ಇಳಿಯುವ ಹೊಗೆಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಸಂದಿನಿಂದ ತಳ್ಳುತ್ತದೆ. ಅದನ್ನು ಡೀಸೆಲ್ಲಿನಲ್ಲಿ ತೊಳೆದು ಹಾಕಿದೆವು. ಆ ಕವರಿನ ಅಂಚಿನಲ್ಲಿ ಈ ವರ್ಷವೂ ಎಣ್ಣೆಯ ಪಸೆಯಿಲ್ಲ.