ಅವ್ವನಿಗೆ 86, ಮಾತ್ರೆ ಕೊಡಿಸಲೇ?

ಪ್ರಶ್ನೆ: ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯ್ದು ನಮ್ಮನ್ನು ಸಾಕಿದ ಅವ್ವನಿಗೆ ಈಗ ಶ್ವಾಸಕೋಶದ ಕ್ಯಾನ್ಸರ್. ಕೀಮೋ ಬೇಡ, ಗಡ್ಡೆಯ ಇಜಿಎಫ್‌ಆರ್ ಜೀನಿನಲ್ಲಿ ಬದಲಾವಣೆ ಇದೆ, ಮಾತ್ರೆ ಕೊಡಬಹುದು ಎಂದಿದ್ದಾರೆ ಡಾಕ್ಟರು. ‘ಈ ವಯಸ್ಸಲ್ಲಿ ಯಾಕೆ ಹಿಂಸೆ’ ಅಂತಾನೆ ಅಣ್ಣ. ಅವ್ವನಿಗೆ ವಿಷಯ ಹೇಳಿಲ್ಲ. ನನಗೆ ನಿದ್ದೆಯಿಲ್ಲ.
– ಹೆಸರು ಬೇಡ, ಚಳ್ಳಕೆರೆ

ಉತ್ತರ: ಕೊಡಿಸಿದರೆ ಹಿಂಸೆ, ಬಿಟ್ಟರೆ ಕೈಬಿಟ್ಟಂತೆ. ಹೀಗೆ ಎರಡೂ ಕಡೆಯಿಂದ ಚುಚ್ಚುತ್ತಿರುವಾಗ ನಿದ್ದೆ ಎಲ್ಲಿಂದ ಬಂದೀತು? ಅಣ್ಣನ ಮಾತಿನಲ್ಲಿರುವುದೂ ಮರುಕವೇ. ಆದರೆ ಅವರ ಕಣ್ಣಮುಂದಿರುವುದು ಕೀಮೋ: ಉದುರುವ ಕೂದಲು, ವಾಂತಿ, ಮತ್ತೆ ಮತ್ತೆ ಬೆಂಗಳೂರು. ಈ ಮಾತ್ರೆಯ ದಾರಿ ಬೇರೆ. ಜೆಫಿಟಿನಿಬ್ ಆದರೆ ದಿನಕ್ಕೊಂದು, 250 ಮಿಲಿಗ್ರಾಂ, ಮನೆಯಲ್ಲೇ. ಈ ಬದಲಾವಣೆ ಇದ್ದು, ಕೀಮೋ ತಡೆಯಲಾರದಷ್ಟು ಸೋತಿದ್ದವರಿಗೆ ಜಪಾನಿನಲ್ಲಿ ಇದನ್ನು ಕೊಟ್ಟು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು, ಹೆಚ್ಚಿನವರು ಚೇತರಿಸಿಕೊಂಡಿದ್ದರು. ರೋಗ ಬೇರುಸಮೇತ ಹೋಗುವುದಿಲ್ಲ, ಕೆಲಕಾಲ ಹತೋಟಿಗೆ ಬರುತ್ತದೆ, ಅಷ್ಟೇ. (ಪರೀಕ್ಷೆಯಲ್ಲಿ ಆ ಬದಲಾವಣೆ ಕಾಣದವರು ಇದನ್ನು ಕೇಳಿ ಆಸೆಪಡಬೇಡಿ.)

ನನ್ನನ್ನು ಕಾಡಿದ್ದು ‘ಹೇಳಿಲ್ಲ’ ಎಂಬ ಮಾತು. ಮಗ್ಗದ ಮೇಲೆ ಎಳೆ ಕಡಿದದ್ದನ್ನು ಬೆರಳ ತುದಿಯಲ್ಲೇ ಗುರುತಿಸುತ್ತಿದ್ದವರಿಗೆ ತಮ್ಮ ಎದೆಯೊಳಗಿನ ಸಂಕಟ ತಿಳಿಯದೇ? ಪಕ್ಕದಲ್ಲಿ ಕೂತು ಕೇಳಿ: ‘ಅವ್ವಾ, ಉಸಿರು ಸಲೀಸಾಗೋಕೆ ಒಂದು ಮಾತ್ರೆ ಇದೆಯಂತೆ, ನೋಡೋಣವಾ, ಬೇಡವಾ?’ ಕ್ಯಾನ್ಸರ್ ಎಂಬ ಪದ ಮೊದಲ ದಿನವೇ ಬರಬೇಕಿಲ್ಲ. ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.

ಅವರು ಹೂಂ ಎಂದರೆ, ಎರಡು ತಿಂಗಳು ನೋಡೋಣವೆಂದು ಡಾಕ್ಟರ ಜೊತೆ ಮಾತಾಡಿಕೊಳ್ಳಿ. ಒಗ್ಗದಿದ್ದರೆ ನಿಲ್ಲಿಸಬಹುದು. ಮೊಡವೆಯಂಥ ಗುಳ್ಳೆ, ಭೇದಿ ಆಗುವುದುಂಟು. ನಿಮ್ಮ ಸೀಮೆಯ ಬಿಸಿಲಲ್ಲಿ ಎರಡು ದಿನದ ಭೇದಿಗೇ ವಯಸ್ಸಾದವರು ಹಾಸಿಗೆ ಹಿಡಿದಾರು, ಓಆರ್‌ಎಸ್ ಮನೆಯಲ್ಲಿರಲಿ. ಗ್ಯಾಸ್ ಮಾತ್ರೆ ನುಂಗುವ ರೂಢಿಯಿದ್ದರೆ ಮೊದಲೇ ತಿಳಿಸಿ. ಅದರ ಜೊತೆ ಈ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ದಿಢೀರನೆ ಉಬ್ಬಸ ಹೆಚ್ಚಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಖರ್ಚಿನ ಬಗ್ಗೆ ಕಿದ್ವಾಯಿ ಆಸ್ಪತ್ರೆಯಲ್ಲಿ, ಆರೋಗ್ಯ ಕಾರ್ಡ್ ಹಿಡಿದು ವಿಚಾರಿಸಿ.

ಬೇಡ ಎಂದರೆ ಅದನ್ನೂ ಒಪ್ಪಿಕೊಳ್ಳಿ. ನೋವಿಗೆ, ಕೆಮ್ಮಿಗೆ ಉಪಶಮನ ಚಿಕಿತ್ಸೆ ಆಗಲೂ ಉಂಟು. ನಿಮ್ಮ ಮನಸ್ಸಿಗೆ ತಡೆಯದಾದರೆ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಉಚಿತ.

ಈ ಭಾನುವಾರ ಅಣ್ಣನನ್ನೂ ಕರೆದುಕೊಂಡು ಮೊಳಕಾಲ್ಮುರಿಗೆ ಹೋಗಿಬನ್ನಿ.